ಮೊದಲು ಶಾಲೆ, ಆಮೇಲೆ ಬ್ಯಾಂಕು: ಅಮ್ಮೆಂಬಳ ಸುಬ್ಬರಾವ್ ಪೈ



ಬಸವಣ್ಣನವರು ಮಂಗಳವೇಢೆಯಲ್ಲಿ ಬಿಜ್ಜಳನ ಲೆಕ್ಕಪತ್ರ ನೋಡಿಕೊಂಡ ನೆಲದವರು ನಾವು. ನಂದೇಶ್ವರ, ಸೊಲ್ಲಾಪುರ, ಅಕ್ಕಲಕೋಟೆಯ ನಮ್ಮಲ್ಲಿ ಅನೇಕರು ಪತಸಂಸ್ಥೆ, ಬ್ಯಾಂಕುಗಳ ಸದಸ್ಯರು. ಬ್ಯಾಂಕಿಗೆ ದುಡ್ಡಷ್ಟೇ ಬಂಡವಾಳವಲ್ಲ, ಬಲ್ಲ ಜನರೂ ಬಂಡವಾಳವೇ ಎಂದು ಮಾಡಿ ತೋರಿಸಿದವರೊಬ್ಬರನ್ನು ಈ ಸಲ ನೆನೆಯುತ್ತಿದ್ದೇವೆ.

ಸುಬ್ಬರಾವ್ ಪೈ ಹುಟ್ಟಿದ್ದು 1852ರ ನವೆಂಬರ್ 19ರಂದು, ಮೂಲ್ಕಿಯಲ್ಲಿ. ಆಗ ಆ ಸೀಮೆ ಕಾಸರಗೋಡಿನ ಸಮೇತ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಪೈಗಳು ಮದ್ರಾಸಿನಲ್ಲಿ ಓದಿ, ಮಂಗಳೂರಿಗೆ ಬಂದು ವಕೀಲರಾದರು. ಒಳ್ಳೆಯ ಹೆಸರು ಬಂತು. ಆ ಹೆಸರನ್ನು ಅವರು ಮೊದಲು ತೊಡಗಿಸಿದ್ದು ಶಾಲೆಗೆ.

1891ರಲ್ಲಿ ಕೆನರಾ ಹೈಸ್ಕೂಲು, 1894ರಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾದವು. ಹೆಣ್ಣುಮಕ್ಕಳ ಶಾಲೆಗಾಗಿ ಮನೆಮನೆಯಿಂದ ಮುಷ್ಟಿ ಅಕ್ಕಿ ಕೂಡಿಸಿದರೆಂದು ಮಂಗಳೂರಿನವರು ಇಂದಿಗೂ ಹೇಳುತ್ತಾರೆ.

ಬ್ಯಾಂಕು ಬಂದದ್ದು ಹೈಸ್ಕೂಲಿಗೆ ಹದಿನೈದು ವರ್ಷವಾದ ಮೇಲೆ. 1906ರ ಜುಲೈ 1ರಂದು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಬಾಗಿಲು ತೆರೆಯಿತು. ಅದರ ಧ್ಯೇಯಗಳಲ್ಲಿ ಮೂಢನಂಬಿಕೆ, ಅಜ್ಞಾನ ಕಳೆಯುವುದು, ವಿದ್ಯೆ ಹರಡುವುದು, ಉಳಿತಾಯದ ರೂಢಿ ಬೆಳೆಸುವುದು ಸೇರಿದ್ದವು. ಅದೇ ಅಕ್ಟೋಬರಿನಲ್ಲಿ ಮದ್ರಾಸಿನ ಹೆಸರಾಂತ ಆರ್ಬತ್‌ನಾಟ್ ಸಂಸ್ಥೆ ದಿವಾಳಿಯೆದ್ದು ಸಾವಿರಾರು ಜನರ ಗಂಟು ಮುಳುಗಿತು. ದೊಡ್ಡ ಹೆಸರಿದ್ದರೂ ಒಳಗಿನ ವಿವೇಕ ಕೈಕೊಟ್ಟರೆ ಏನಾಗುತ್ತದೆಂದು ಎಲ್ಲರೂ ಕಂಡರು.

ಪೈಗಳು 1909ರಲ್ಲಿ ತೀರಿಕೊಂಡರು. ಮರುವರ್ಷ ಫಂಡು ಕೆನರಾ ಬ್ಯಾಂಕ್ ಆಯಿತು, 1969ರಲ್ಲಿ ರಾಷ್ಟ್ರೀಕರಣಗೊಂಡಿತು. ಅವಿಭಜಿತ ದಕ್ಷಿಣ ಕನ್ನಡವೊಂದರಲ್ಲೇ ಹುಟ್ಟಿ ರಾಷ್ಟ್ರೀಕೃತವಾದ ಬ್ಯಾಂಕುಗಳು ನಾಲ್ಕು: ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ. ಇದಕ್ಕೆಲ್ಲ ಶಾಲೆಯೊಂದೇ ಕಾರಣವೆನ್ನಲಾಗದು. ಆದರೆ ಸಾಲ ಕೇಳಿ ಬಂದವನ ಯೋಗ್ಯತೆ ಅಳೆಯುವುದು, ಲೆಕ್ಕ ತಪ್ಪದಂತೆ ಬರೆಯುವುದು, ಠೇವಣಿದಾರನ ನಂಬಿಕೆ ಉಳಿಸಿಕೊಳ್ಳುವುದು ಕಲಿತವರಿಂದ ಆಗುವ ಕೆಲಸ. ಸಾಲ ಮುಳುಗದಿದ್ದರೆ ಲಾಭ ನಿಲ್ಲುತ್ತದೆ. ನಂಬಿಕೆ ಇದ್ದರೆ ಠೇವಣಿ ಬರುತ್ತದೆ. ತಾಳೆಪಟ್ಟಿಯಲ್ಲಿ ಲಾಭ ಕಾಣುತ್ತದೆ, ಅದನ್ನು ತಂದ ತಿಳಿವಳಿಕೆ ಕಾಣುವುದಿಲ್ಲ.

ಗಡಿಯಲ್ಲಿರುವ ನಮಗೆ ಈ ಮಾತು ಹೆಚ್ಚು ಮುಟ್ಟಬೇಕು. ನಮ್ಮ ಸಂಸ್ಥೆಗಳ ಕಟ್ಟಡ ಎತ್ತರವಾಗುತ್ತಿರುವಾಗ ಕನ್ನಡ ಶಾಲೆಯ ಹಾಜರಿ ಪುಸ್ತಕ ತೆಳ್ಳಗಾದರೆ, ನಾಳೆ ಆ ಕುರ್ಚಿಗಳಲ್ಲಿ ಕೂತು ನಮ್ಮ ರೈತನ ಮಾತು ಅರಿಯುವವರು ಯಾರು? ಲಾಭ ಹಂಚುವ ಹೊತ್ತಿನಲ್ಲಿ ಒಂದು ಮುಷ್ಟಿ ಶಾಲೆಗೂ ಇರಲೆಂದು ಸದಸ್ಯರೆಲ್ಲರಲ್ಲಿ ಕೇಳಿಕೊಳ್ಳುತ್ತೇವೆ.