ಲೆಗಸೊವ್‌ಗೆ ಪದಕ ಸಿಕ್ಕಿತು, ರಿಪೇರಿ ಮುಂದೂಡಿದವರಿಗೆ?

ಚೆರ್ನೋಬಿಲ್ ಅಂದ ಕೂಡಲೇ ನನಗೆ ನೆನಪಾಗೋದು ವಲೇರಿ ಲೆಗಸೊವ್. 1936ರಲ್ಲಿ ತುಲಾದಲ್ಲಿ ಹುಟ್ಟಿದ ಈ ರಸಾಯನ ವಿಜ್ಞಾನಿ, 1986ರಲ್ಲಿ ಸ್ಫೋಟವಾದ ದಿನವೇ ಅಲ್ಲಿಗೆ ಧಾವಿಸಿದರು. ಆಗಸ್ಟ್‌ನಲ್ಲಿ ವಿಯೆನ್ನಾದಲ್ಲಿ ಐದು ಗಂಟೆ ವರದಿ ಮಂಡಿಸಿದರು. ಆದರೆ ಅಲ್ಲಿ ತಪ್ಪು ಹೆಚ್ಚಾಗಿ ಸಿಬ್ಬಂದಿಯ ತಲೆಗೇ ಬಿತ್ತು.

ರಿಯಾಕ್ಟರ್ ನಿಲ್ಲಿಸಬೇಕಾದ ನಿಯಂತ್ರಣ ಸರಳುಗಳೇ ಮೊದಲ ಕ್ಷಣ ಅದರ ಶಕ್ತಿ ಏರಿಸಬಲ್ಲವು ಅನ್ನೋದು 1983ರಲ್ಲೇ ಇಗ್ನಲಿನಾ ಸ್ಥಾವರದ ಪರೀಕ್ಷೆಯಲ್ಲಿ ಗೊತ್ತಾಗಿತ್ತು. ರಿಪೇರಿ ಆಗಲಿಲ್ಲ, ಅದೇ ಮಾದರಿಯ ಸ್ಥಾವರಗಳು ಓಡುತ್ತಲೇ ಇದ್ದವು.

ಸುರಕ್ಷತೆಯ ಸುಧಾರಣೆಗೆ ಒತ್ತಾಯಿಸುತ್ತಾ ಲೆಗಸೊವ್ ಒಂಟಿಯಾದರು. 1988ರ ಏಪ್ರಿಲ್ 27ರಂದು ತೀರಿಕೊಂಡರು. 1996ರಲ್ಲಿ ರಷ್ಯಾ ಅವರಿಗೆ ವೀರ ಪದವಿ ಕೊಟ್ಟಿತು.

ಸತ್ತವರಿಗೆ ಪದಕ ಕೊಡೋದು ಸುಲಭ. ದೋಷ ಗೊತ್ತಿದ್ದೂ ಸ್ಥಾವರ ಓಡಿಸಲು ಬಿಟ್ಟವರನ್ನು ಹೊಣೆ ಮಾಡೋದು ಕಷ್ಟ. ಎಲ್ಲೇ ಸುರಕ್ಷತಾ ರಿಪೇರಿಗೆ ವಿನಾಯಿತಿ ಕೊಟ್ಟರೂ ನಾವು ಮೊದಲು ಕೇಳಬೇಕಾದ್ದು ಇಷ್ಟೇ: ಸಹಿ ಯಾರದು, ಗಡುವು ಯಾವಾಗ?