ರಸಾಯನ ಇಂಜಿನಿಯರಿಂಗಿನ ಮೂಲಪುರುಷ ಜಾರ್ಜ್ ಡೇವಿಸ್

ಕೈಗಾರಿಕೆಯು ಬೆಳೆಯಬೇಕಾದರೆ ಗಾಳಿಯೂ ನೀರೂ ಕೆಡುವುದು ಅನಿವಾರ್ಯವೆಂದು ನಂಬಿರುವವರು ನಮ್ಮಲ್ಲಿ ಇಂದಿಗೂ ಕಡಿಮೆಯಿಲ್ಲ. ಅಂತಹವರು ರಸಾಯನ ಇಂಜಿನಿಯರಿಂಗ್ ಶಾಸ್ತ್ರದ ಜನಕನೆಂದು ಪ್ರಸಿದ್ಧನಾದ ಜಾರ್ಜ್ ಎಡ್ವರ್ಡ್ ಡೇವಿಸನ ಚರಿತ್ರೆಯನ್ನು ಮನಸ್ಸಿಟ್ಟು ಪರಿಶೀಲಿಸತಕ್ಕದ್ದು.

ಡೇವಿಸನು 1850ರಲ್ಲಿ ಇಂಗ್ಲೆಂಡಿನ ಈಟನ್ ಎಂಬ ಊರಿನಲ್ಲಿ ಪುಸ್ತಕ ವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದನು. ಮೊದಲು ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿ, ಅದನ್ನು ಬಿಟ್ಟು ಗ್ಯಾಸ್ ಕಾರ್ಖಾನೆಯೊಂದರಲ್ಲಿ ದುಡಿಯುತ್ತಲೇ ರಸಾಯನ ಶಾಸ್ತ್ರವನ್ನು ಅಭ್ಯಾಸಮಾಡಿದನು. ಬಳಿಕ ಲಂಡನ್ನಿನ ಗಣಿವಿದ್ಯಾಶಾಲೆಯಲ್ಲಿ ಓದಿ, ಮ್ಯಾಂಚೆಸ್ಟರ್ ಪ್ರಾಂತದಲ್ಲಿ ನೌಕರಿಗೆ ನಿಂತನು.

ಆ ಕಾಲದಲ್ಲಿ ಅಡಿಗೆಯ ಉಪ್ಪಿನ ಮೇಲೆ ಗಂಧಕಾಮ್ಲವನ್ನು ಪ್ರಯೋಗಿಸಿ ಸೋಡಾ ತಯಾರಿಸುವ ಲೆಬ್ಲಾಂಕ್ ಪದ್ಧತಿಯು ಪ್ರಬಲವಾಗಿತ್ತು. ಅದರಿಂದ ಹೊರಬೀಳುತ್ತಿದ್ದ ಹೈಡ್ರೋಕ್ಲೋರಿಕ್ ಆಮ್ಲದ ಅನಿಲವು ಸುತ್ತಣ ಪೈರನ್ನೂ ಮರಗಳನ್ನೂ ಸುಟ್ಟುಹಾಕುತ್ತಿತ್ತು. ನೀರು ಇಳಿಯುವ ಗೋಪುರದೊಳಗೆ ಅನಿಲವನ್ನು ಹಾಯಿಸಿ ಕರಗಿಸುವ ಉಪಾಯವನ್ನು ವಿಲಿಯಂ ಗಾಸೇಜನು 1836ರಲ್ಲಿಯೇ ಕಂಡುಹಿಡಿದಿದ್ದರೂ, ಮಾಲೀಕರಲ್ಲಿ ಅನೇಕರು ಅದನ್ನು ಅನುಸರಿಸಲಿಲ್ಲ. ಕಡೆಗೆ 1863ರಲ್ಲಿ ಪಾರ್ಲಿಮೆಂಟು ಆಲ್ಕಲಿ ಕಾಯಿದೆಯನ್ನು ಮಾಡಿ, ನೂರಕ್ಕೆ 95 ಪಾಲು ಅನಿಲವನ್ನು ತಡೆಯಲೇಬೇಕೆಂದು ವಿಧಿಸಿತು. ಹಾಗೆ ಹಿಡಿದ ಆಮ್ಲವನ್ನು ಕೆಲವರು ಹಳ್ಳಕ್ಕೆ ಬಿಟ್ಟು ನೀರನ್ನು ಕೆಡಿಸಿದರು. ತರುವಾಯ ಅದರಿಂದಲೇ ಕ್ಲೋರಿನ್ ತೆಗೆದು, ಬಟ್ಟೆಯನ್ನು ಬಿಳುಪು ಮಾಡುವ ಪುಡಿಯನ್ನು ತಯಾರಿಸಿ ಲಾಭ ಪಡೆದರು. ಹೊರಚೆಲ್ಲುತ್ತಿದ್ದ ವಿಷವೇ ಮಾರುವ ಸರಕಾಯಿತು.

ಈ ಕಾಯಿದೆಯ ಪರೀಕ್ಷಕನಾಗಿ ಡೇವಿಸನು ಹಲವು ವರ್ಷ ಕಾರ್ಖಾನೆಯಿಂದ ಕಾರ್ಖಾನೆಗೆ ಸಂಚರಿಸಿದನು. ಸರಕು ಬೇರೆಬೇರೆಯಾದರೂ ಕಾಯಿಸುವುದು, ಬಟ್ಟಿಯಿಳಿಸುವುದು, ಅನಿಲವನ್ನು ದ್ರವದಲ್ಲಿ ಕರಗಿಸುವುದು ಮುಂತಾದ ಕ್ರಿಯೆಗಳು ಎಲ್ಲೆಡೆಯೂ ಒಂದೇ ಎಂಬುದನ್ನು ಮನಗಂಡನು. ಇದಕ್ಕೆ ಪ್ರತ್ಯೇಕವಾದ ಶಾಸ್ತ್ರವೊಂದು ಬೇಕೆಂದು ನಿಶ್ಚಯಿಸಿದನು. 1880ರಲ್ಲಿ ರಸಾಯನ ಇಂಜಿನಿಯರುಗಳ ಸಂಘವನ್ನು ಸ್ಥಾಪಿಸಲು ಯತ್ನಿಸಿ ವಿಫಲನಾದರೂ ಎದೆಗುಂದದೆ, ಮರುವರ್ಷ ಹುಟ್ಟಿದ ರಸಾಯನ ಕೈಗಾರಿಕಾ ಸಂಘದ ಪ್ರಥಮ ಕಾರ್ಯದರ್ಶಿಯಾದನು. 1887ರಲ್ಲಿ ಮ್ಯಾಂಚೆಸ್ಟರಿನಲ್ಲಿ 12 ಉಪನ್ಯಾಸಗಳನ್ನು ಕೊಟ್ಟನು. 1901ರಲ್ಲಿ ಈ ವಿದ್ಯೆಯ ಕೈಪಿಡಿಯನ್ನು ಪ್ರಕಟಿಸಿ, 1907ರಲ್ಲಿ ಕಾಲವಾದನು.

ನಮ್ಮ ದೇಶದಲ್ಲಿ ನೀರಿನ ಮಾಲಿನ್ಯವನ್ನು ತಡೆಯಲು 1974ರಲ್ಲಿಯೂ ಗಾಳಿಯ ಮಾಲಿನ್ಯವನ್ನು ತಡೆಯಲು 1981ರಲ್ಲಿಯೂ ಕಾಯಿದೆಗಳಾದವು. ಕಾಯಿದೆಯೊಂದೇ ಸಾಲದು. ತಪಾಸಣೆಗೆ ಹೋಗುವ ಅಧಿಕಾರಿಗೆ ಕಾರ್ಖಾನೆಯ ಒಳಗುಟ್ಟು ತಿಳಿದಿರಬೇಕು. ಕಾರ್ಖಾನೆಯ ಇಂಜಿನಿಯರಿಗೆ ನೆರೆಯೂರಿನ ಬಾವಿಯ ಚಿಂತೆಯಿರಬೇಕು. ಡೇವಿಸನಲ್ಲಿ ಇವೆರಡೂ ಕೆಲಸಗಳ ಅನುಭವವು ಕೂಡಿದ್ದಿತು. ಆ ವಿದ್ಯೆಯಿಂದ ಜೀವನೋಪಾಯ ನಡೆಸುವ ನಮ್ಮ ತರುಣರು, ಅದರ ಮೂಲಪುರುಷನು ಊರಿನ ಗಾಳಿಯನ್ನು ಕಾಯುವ ಉದ್ಯೋಗದಲ್ಲಿದ್ದವನೆಂಬುದನ್ನು ಮರೆಯದಿರಲೆಂದು ಹಾರೈಸುತ್ತೇವೆ.