ಗಿರಣಿಯವನ ಮಗ ಹೆನ್ರಿ ರಾಯ್ಸ್

2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರು ಬಸವೇಶ್ವರನ ತೇರು ಎಳೆಯುತ್ತಿರುವಾಗಲೇ ಉರುಳಿಬಿದ್ದಿತು. ಕಳಸ ಎಷ್ಟೇ ಎತ್ತರವಾಗಿರಲಿ, ರಥದ ಭಾಗ್ಯವೆಲ್ಲ ಕಣ್ಣಿಗೆ ಬೀಳದ ಗಾಲಿ ಅಚ್ಚುಗಳಲ್ಲಿದೆ ಎಂಬುದನ್ನು ಆ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆ ಬಂಡಿ ಹೂಡುತ್ತಿದ್ದ ರೈತನು ಹೊರಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕಿ, ಕಡಾಣಿಯನ್ನು ಮುಟ್ಟಿ ನೋಡುತ್ತಿದ್ದನು. ಅರಸರ ಕಾರೆಂದು ಹೆಸರಾದ ರೋಲ್ಸ್-ರಾಯ್ಸನ್ನು ಕಟ್ಟಿದ ಹೆನ್ರಿ ರಾಯ್ಸನದೂ ಅದೇ ಕಣ್ಣು.

ಆತನು ಅರಸರ ಪೈಕಿಯವನಲ್ಲ. 1863ರ ಮಾರ್ಚ್ 27ರಂದು ಇಂಗ್ಲೆಂಡಿನ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ ಹಿಟ್ಟಿನ ಗಿರಣಿಯವನ ಮಗನಾಗಿ ಹುಟ್ಟಿದನು. ಗಿರಣಿ ಕೈಬಿಟ್ಟಿತು, ಲಂಡನ್ನಿಗೆ ವಲಸೆ ಹೋದ ತಂದೆ, ಮಗನಿಗೆ ಒಂಬತ್ತು ವರ್ಷವಾಗಿದ್ದಾಗ ತೀರಿಕೊಂಡನು. ಬಾಲಕನು ಪತ್ರಿಕೆ ಮಾರಿದನು, ತಂತಿ ಹಂಚಿದನು. ಅತ್ತೆಯೊಬ್ಬಳು ಹಣ ಕೊಟ್ಟದ್ದರಿಂದ ರೈಲ್ವೆ ಕಾರ್ಖಾನೆಯಲ್ಲಿ ಶಿಷ್ಯವೃತ್ತಿ ದೊರೆಯಿತು. ಆಕೆಯ ಹಣ ಮುಗಿದೊಡನೆ ಅದೂ ಅರ್ಧಕ್ಕೇ ನಿಂತಿತು. 1884ರಲ್ಲಿ ತಾನು ಕೂಡಿಟ್ಟ 20 ಪೌಂಡುಗಳೊಂದಿಗೆ, ಗೆಳೆಯ ಕ್ಲೇರ್ಮಾಂಟನ 50 ಪೌಂಡುಗಳನ್ನು ಕೂಡಿಸಿಕೊಂಡು ಮ್ಯಾಂಚೆಸ್ಟರಿನಲ್ಲಿ ವಿದ್ಯುತ್ ಸಾಮಗ್ರಿಗಳ ಕಾರ್ಖಾನೆಯನ್ನು ತೆರೆದನು.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ರಾಯ್ಸ್ ಫ್ರಾನ್ಸಿನ ಡೆಕಾವಿಲ್ ಕಾರೊಂದನ್ನು ಕೊಂಡನು. ಅದೂ ಬೇರೊಬ್ಬರು ಬಳಸಿ ಬಿಟ್ಟದ್ದು. ನ್ಯಾಯವಾಗಿ ಹೇಳಬೇಕಾದರೆ ಆ ಕಾಲಕ್ಕೆ ಅದು ಕೆಟ್ಟ ಕಾರೇನಲ್ಲ. ಆದರೆ ಅದರ ಸದ್ದು, ನಡುಕ, ನೆಚ್ಚಲಾಗದ ವಿದ್ಯುತ್ ಕಿಡಿ, ಇವನ್ನು ಕಂಡು ಸುಮ್ಮನಿರುವ ಸ್ವಭಾವ ಅದರ ಒಡೆಯನದಾಗಿರಲಿಲ್ಲ. ಇನ್ನೊಬ್ಬನಾಗಿದ್ದರೆ ಬೈದು ಮಾರಿಬಿಡುತ್ತಿದ್ದನು. ಈತನು ಬಿಚ್ಚಿ ನೋಡಿ, ಒಂದೊಂದು ಭಾಗವನ್ನೂ ತಿದ್ದುತ್ತ, ಕೊನೆಗೆ ತಾನೇ ಬೇರೆ ಕಾರನ್ನು ಕಟ್ಟಿದನು. 1904ರ ಏಪ್ರಿಲ್ 1ರಂದು ಅದು ಬೀದಿಗಿಳಿಯಿತು. ಮರುತಿಂಗಳು 4ರಂದು, ಲಾರ್ಡ್ ಮನೆತನದ ಮಗನೂ ಕಾರಿನ ವ್ಯಾಪಾರಿಯೂ ಆಗಿದ್ದ ಚಾರ್ಲ್ಸ್ ರೋಲ್ಸನ ಭೇಟಿಯಾಯಿತು. ರಾಯ್ಸ್ ಮಾಡುವುದು, ರೋಲ್ಸ್ ಮಾರುವುದು ಎಂದಾಯಿತು.

ಹೆಸರು ಬಂದ ಮೇಲೂ ತೊಡಕು ತಪ್ಪಲಿಲ್ಲ. ಆರು ಸಿಲಿಂಡರಿನ 30 ಅಶ್ವಶಕ್ತಿಯ ಕಾರುಗಳಲ್ಲಿ ಕ್ರ್ಯಾಂಕ್ ಶಾಫ್ಟ್ ಮುರಿಯತೊಡಗಿತು. ಉದ್ದನೆಯ ಉಕ್ಕಿನ ದಂಡವು ತಿರುಗುವಾಗ ತನ್ನೊಳಗೇ ತಿರುಚಿಕೊಂಡು ಕಂಪಿಸುವುದೇ ಇದಕ್ಕೆ ಕಾರಣವೆಂದು ರಾಯ್ಸ್ ಕಂಡುಕೊಂಡನು. ಮುಂದಿನ ಎಂಜಿನ್ನಿನಲ್ಲಿ ದಂಡವನ್ನು ದಪ್ಪಗೊಳಿಸಿ, ಏಳು ಬೇರಿಂಗುಗಳ ಆಧಾರ ಕೊಟ್ಟನು. ಅದೇ 1906ರಲ್ಲಿ ಹೊರಬಂದ, ಬಳಿಕ ಸಿಲ್ವರ್ ಘೋಸ್ಟ್ ಎಂದು ಪ್ರಸಿದ್ಧವಾದ ಕಾರು. 1907ರ ಪರೀಕ್ಷೆಯಲ್ಲಿ ಅದು 15,000 ಮೈಲಿ ಓಡಿತು. 1908ರಲ್ಲಿ ಅಂಥದೊಂದು ಮುಂಬಯಿ-ಕೊಲ್ಲಾಪುರಗಳ ಘಟ್ಟದ ದಾರಿಯಲ್ಲಿ ಗೆದ್ದು, ಗ್ವಾಲಿಯರಿನ ಮಹಾರಾಜರ ಪಾಲಾಯಿತು. ಮುಂದೆ ಮೈಸೂರು ಅರಮನೆಗೂ ಈ ಕಂಪನಿಯ ಕಾರುಗಳು ಬಂದವು.

ಇಷ್ಟಾದರೂ 1912ರಲ್ಲಿ ಆಲ್ಪ್ಸ್ ಪರ್ವತದ ಕಡಿದಾದ ಏರಿನಲ್ಲಿ ಗ್ರಾಹಕನೊಬ್ಬನ ಕಾರು ನಿಂತುಬಿಟ್ಟಿತು. ಮೂರು ಗೇರುಗಳು ಸಾಲವೆಂದು ಒಪ್ಪಿ, ಮರುವರ್ಷ ನಾಲ್ಕು ಗೇರುಗಳ ಕಾರುಗಳನ್ನು ಅದೇ ಸ್ಪರ್ಧೆಗೆ ಕಳುಹಿಸಿದರು. ತಪ್ಪನ್ನು ಗ್ರಾಹಕನ ತಲೆಗೆ ಕಟ್ಟುವುದು ಸುಲಭವಾಗಿತ್ತು.

ಯಂತ್ರದ ಕುಂದನ್ನು ಇಷ್ಟು ಬೇಗ ಗುರುತಿಸಿದವನು ತನ್ನ ದೇಹದ ಕುಂದನ್ನು ಗುರುತಿಸಲಿಲ್ಲ. ಕೆಲಸದ ಭರದಲ್ಲಿ ಊಟ ಮರೆಯುತ್ತಿದ್ದ ಯಜಮಾನನ ಬೆನ್ನುಹತ್ತಿ ಕಾರ್ಖಾನೆಯ ಹುಡುಗರು ಹಾಲಿನ ಲೋಟ ಹಿಡಿದು ತಿರುಗುತ್ತಿದ್ದರಂತೆ. 1910ರಲ್ಲಿ ರೋಲ್ಸ್ ವಿಮಾನ ಅಪಘಾತದಲ್ಲಿ ಮಡಿದನು. ಮರುವರ್ಷ ರಾಯ್ಸ್ ಹಾಸಿಗೆ ಹಿಡಿದನು, 1912ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಅಲ್ಲಿಂದ ಮುಂದೆ ಡರ್ಬಿಯ ಕಾರ್ಖಾನೆ ಆತನಿಗೆ ದೂರವಾಯಿತು. ಇಪ್ಪತ್ತು ವರ್ಷ ಕಡಲತೀರದ ಮನೆಯಲ್ಲಿ, ಒಬ್ಬ ದಾದಿಯ ಆರೈಕೆಯಲ್ಲಿ, ನಕ್ಷೆಗಳ ಮೂಲಕವೇ ಕೆಲಸ ನಡೆಸಿದನು. 1919ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಎಲ್ಲಿಯೂ ಇಳಿಯದೆ ದಾಟಿದ ಮೊದಲ ವಿಮಾನಕ್ಕೆ ಆತನ ಈಗಲ್ ಎಂಜಿನ್ನುಗಳಿದ್ದವು. 1930ರಲ್ಲಿ ಬ್ಯಾರೊನೆಟ್ ಪದವಿ ಬಂದಿತು. ಆದರೂ ತನ್ನನ್ನು ಬರಿಯ ಮೆಕ್ಯಾನಿಕ್ ಎಂದೇ ಕರೆದುಕೊಳ್ಳುತ್ತಿದ್ದನು.

1933ರ ಏಪ್ರಿಲ್ 22ರಂದು ರಾಯ್ಸ್ ತೀರಿಕೊಂಡನು. ಕೊನೆಯ ದಿನ ಹಾಸಿಗೆಯಲ್ಲಿ ಕುಳಿತು, ಕಾರಿನ ಕುಲುಕಾಟವನ್ನು ತಗ್ಗಿಸುವ ಸಾಧನವೊಂದರ ಚಿತ್ರವನ್ನು ಲಕೋಟೆಯ ಮೇಲೆ ಬರೆದುಕೊಟ್ಟನೆಂದೂ, ಅದು ಕಾರ್ಖಾನೆಯನ್ನು ಮುಟ್ಟುವಷ್ಟರಲ್ಲಿ ಆತನಿರಲಿಲ್ಲವೆಂದೂ ಹೇಳುತ್ತಾರೆ. ಆತನ ಚಿತಾಭಸ್ಮವನ್ನು ಮುಂದೆ, ತಂದೆಯ ಗಿರಣಿಯಿದ್ದ ಆಲ್ವಾಲ್ಟನ್ ಹಳ್ಳಿಯ ಚರ್ಚಿನಲ್ಲಿ ಇರಿಸಿದರು.